ಕುಸ್ತಿ ಗೇಮನ್ನು ಹದಿಮೂರರ ಮಗನ ಕೈಗೆ ಕೊಡಬಹುದಾ?

ಈ ಸಲ ನಮ್ಮ ಮನೆಯಲ್ಲೇ ಎದ್ದ ಒಂದು ಪ್ರಶ್ನೆ ತಗೊಂಡು ಬಂದಿದ್ದೀನಿ. ನಿಮ್ಮಲ್ಲಿ ತುಂಬ ಜನರ ಮನೆಯಲ್ಲೂ ಇವತ್ತಲ್ಲ ನಾಳೆ ಇದು ಬರುತ್ತೆ.

ನನ್ನ ಮಗನಿಗೆ ಹದಿಮೂರು ತುಂಬಿತು. ಹುಟ್ಟುಹಬ್ಬಕ್ಕೆ ಏನು ಬೇಕೋ ಅಂದ್ರೆ ಒಂದೇ ಉತ್ತರ: ಡಬ್ಲ್ಯುಡಬ್ಲ್ಯುಇ 2ಕೆ24. "ಅಪ್ಪಾ, ಅದರ ಮೇಲೆ ಟೀನ್ ಅಂತಾನೇ ಬರೆದಿದೆ. ನಾನೀಗ ಟೀನ್ ತಾನೇ?" ಅಂದ. ವಾದದಲ್ಲಿ ತಪ್ಪಿರಲಿಲ್ಲ. ಆದರೆ ಎರಡು ವಾರದ ಹಿಂದೆ ಇದೇ ಹುಡುಗ ಪುಣೆಯ ನಮ್ಮ ಫ್ಲಾಟಿನಲ್ಲಿ ಏಳು ವರ್ಷದ ತಂಗಿಯನ್ನು ಎತ್ತಿ, "ಚೋಕ್‌ಸ್ಲ್ಯಾಮ್!" ಅಂತ ಕೂಗಿ ಹಾಸಿಗೆ ಮೇಲೆ ಬೀಳಿಸಿದ್ದ. ಅವಳ ತಲೆ ಮಂಚದ ಕಟ್ಟಿಗೆಯಿಂದ ಒಂದು ಗೇಣು ಈಚೆ ಬಿತ್ತು. ಮಕ್ಕಳಿಬ್ಬರೂ ನಗ್ತಿದ್ದರು. ನನ್ನ ಹೆಂಡತಿ ನಗಲಿಲ್ಲ. "ಫೋನಲ್ಲಿ ನೋಡಿಯೇ ಈ ಗತಿ, ಇನ್ನು ಗೇಮ್ ಬೇರೆ ತಂದುಕೊಡ್ತೀರಾ?" ಅಂತ ಕೇಳಿದಳು.

ನನಗೆ ನೇರವಾಗಿ ಬೇಡ ಅನ್ನೋಕೂ ಬಾಯಿ ಬರಲಿಲ್ಲ. ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ನೆನಪಿರುತ್ತೆ, ಡಬ್ಲ್ಯುಡಬ್ಲ್ಯುಎಫ್ ಟ್ರಂಪ್ ಕಾರ್ಡು. ಎತ್ತರ, ತೂಕ, ಬೈಸೆಪ್ಸ್, ರ‍್ಯಾಂಕ್ ಎಲ್ಲ ಬಾಯಿಪಾಠ. ಅಂಡರ್‌ಟೇಕರ್‌ಗೆ ಏಳು ಜೀವ ಇದೆ ಅಂತ ಕ್ಲಾಸಿಗೆ ಕ್ಲಾಸೇ ನಂಬಿತ್ತು. ಅದನ್ನೆಲ್ಲ ನೋಡಿ ಬೆಳೆದ ನಾನು ಮಗನಿಗೆ ಯಾವ ಮುಖದಲ್ಲಿ ಬೇಡ ಅನ್ನಲಿ? ಅದಕ್ಕೇ ಒಂದು ವಾರ ಟೈಮ್ ಕೇಳಿದೆ. ಸಹೋದ್ಯೋಗಿಯೊಬ್ಬರ ಮನೆಗೆ ಹೋಗಿ ಗೇಮನ್ನು ನಾನೇ ಆಡಿ ನೋಡಿದೆ.

ಮೊದಲು ಆ ರೇಟಿಂಗ್ ವಿಷಯ. ಟೀನ್ ಅನ್ನೋದು ಅಮೆರಿಕದ ಇಎಸ್‌ಆರ್‌ಬಿ ಕೊಡುವ ಗುರುತು. ಅಂದ್ರೆ ಹದಿಮೂರು ಮತ್ತು ಮೇಲ್ಪಟ್ಟವರಿಗೆ. ಇದೇ ಗೇಮಿಗೆ ಯುರೋಪಿನ ಪೆಗಿ ಸಂಸ್ಥೆ ಕೊಟ್ಟಿರೋದು 16. ಒಂದೇ ಡಿಸ್ಕು, ಒಂದೇ ಆಟ, ಮೂರು ವರ್ಷದ ವ್ಯತ್ಯಾಸ! ನಮ್ಮಲ್ಲಿ ಸಿನಿಮಾಗಳಿಗೆ 2024ರಿಂದ ಯುಎ 7+, 13+, 16+ ಅಂತ ಬೇರೆ ಬೇರೆ ಪ್ರಮಾಣಪತ್ರ ಬಂದಿದೆ. ಆದರೆ ವಿಡಿಯೋ ಗೇಮುಗಳು ಆ ಮಂಡಳಿಯ ಮುಂದೆ ಹೋಗೋದಿಲ್ಲ. ಹಾಗಾಗಿ ಅಮೆರಿಕದ ಮಾತು ಕೇಳ್ಬೇಕಾ, ಯುರೋಪಿನ ಮಾತು ಕೇಳ್ಬೇಕಾ ಅನ್ನೋದು ಕೊನೆಗೆ ಅಪ್ಪ ಅಮ್ಮನ ತಲೆಗೇ ಬರುತ್ತೆ.

ಒಳಗೆ ಏನಿದೆ? ಹೊಡೆದಾಟ ಅಂತೂ ಇದ್ದೇ ಇದೆ. ಕಬ್ಬಿಣದ ಕುರ್ಚಿ, ಏಣಿ, ಟೇಬಲ್ ಎಲ್ಲ ಆಯುಧ. ಎದುರಾಳಿಯನ್ನು ಶವಪೆಟ್ಟಿಗೆಗೆ ಹಾಕಿ ಮುಚ್ಚುವ ಕ್ಯಾಸ್ಕೆಟ್ ಪಂದ್ಯ ಇದೆ, ಆಂಬುಲೆನ್ಸಿಗೆ ತಳ್ಳುವ ಪಂದ್ಯವೂ ಇದೆ. ರಕ್ತ ಬರುತ್ತೆ, ಆದರೆ ಸೆಟ್ಟಿಂಗ್ಸಿಗೆ ಹೋಗಿ ಅದನ್ನು ಆಫ್ ಮಾಡಬಹುದು. ನಿಜ ಹೇಳ್ತೀನಿ, ಗನ್ ಹಿಡಿದು ಜನರನ್ನು ಕೊಲ್ಲುವ ಗೇಮುಗಳ ಮುಂದೆ ಇದು ಸರ್ಕಸ್ ಥರ ಕಾಣುತ್ತೆ. ರಕ್ತ ನೋಡಿ ನನಗೆ ಭಯ ಆಗಲಿಲ್ಲ.

ಭಯ ಆಗಿದ್ದು ಬೇರೆ ಕಾರಣಕ್ಕೆ. ಗೇಮಿನಲ್ಲಿ ನಾನು ಬಟನ್ ಒತ್ತಿದೆ, ಎದುರಿನವನು ಬಿದ್ದ, ಎದ್ದ, ಮತ್ತೆ ಬಂದ. ನಿಜವಾದ ರಿಂಗಿನಲ್ಲಿ ನಡೆಯೋದು ಹೀಗಲ್ಲ. ಚೋಕ್‌ಸ್ಲ್ಯಾಮ್ ಅಂದ್ರೆ ಕುತ್ತಿಗೆ ಹಿಡಿದು ಎತ್ತೋದು ಅಂತ ನಾವು ಅಂದ್ಕೊಂಡಿದ್ದೀವಿ. ಅಲ್ಲಿ ಬೀಳುವವನು ತಾನೇ ಜಿಗಿದು ಸಹಾಯ ಮಾಡ್ತಾನೆ, ಗದ್ದ ಎದೆಗೆ ಒತ್ತಿಕೊಂಡು ಬೆನ್ನ ಮೇಲೆ ಬೀಳ್ತಾನೆ. ಹಾಗೆ ಬೀಳೋದೇ ಅವರ ಮೊದಲ ಪಾಠ. ಕೆಳಗೆ ಹಲಗೆ, ಅದರ ಮೇಲೆ ಫೋಮ್, ಬಿದ್ದಾಗ ಇಡೀ ರಿಂಗು ಸ್ವಲ್ಪ ಬಾಗುತ್ತೆ. ನಮ್ಮೂರ ಗರಡಿಯಲ್ಲೂ ಮಣ್ಣು ಹದ ಮಾಡಿರ್ತಾರಲ್ಲ, ಹಾಗೆ. ನಮ್ಮ ಫ್ಲಾಟಿನಲ್ಲಿ ಇರೋದು ಟೈಲ್ಸ್.

ಇಷ್ಟೆಲ್ಲ ಗೊತ್ತಿದ್ದವರಿಗೂ ಅನಾಹುತ ಆಗಿದೆ. 1997ರ ಸಮ್ಮರ್‌ಸ್ಲ್ಯಾಮ್ ಪಂದ್ಯದಲ್ಲಿ ಓವೆನ್ ಹಾರ್ಟ್ ಹಾಕಿದ ಪೈಲ್‌ಡ್ರೈವರ್‌ನಲ್ಲಿ ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್ ಕುತ್ತಿಗೆಗೆ ಪೆಟ್ಟಾಗಿ ಸ್ವಲ್ಪ ಹೊತ್ತು ಕೈಕಾಲೇ ಆಡಲಿಲ್ಲ. ಅವರ ವೃತ್ತಿಜೀವನ ಮೊಟಕಾಗೋದಕ್ಕೆ ಆ ಕುತ್ತಿಗೆಯೇ ದೊಡ್ಡ ಕಾರಣ. ತಲೆಗೆ ಕುರ್ಚಿಯಿಂದ ಹೊಡೆಯೋದನ್ನು 2010ರಲ್ಲಿ ಡಬ್ಲ್ಯುಡಬ್ಲ್ಯುಇ ತಾನೇ ನಿಲ್ಲಿಸಿತು.

ಮಗನನ್ನು ಕೂರಿಸಿಕೊಂಡು ಚೋಕ್‌ಸ್ಲ್ಯಾಮ್ ವಿಡಿಯೋ ನಿಧಾನಗತಿಯಲ್ಲಿ ಹಾಕಿದೆ. "ಬೀಳ್ತಿರೋನ ಕಾಲು ನೋಡು" ಅಂದೆ, ಅಷ್ಟೇ. ಮೂರು ಸಲ ನೋಡಿದ. ಆಮೇಲೆ ಮೆಲ್ಲಗೆ, "ಅವನೇ ಜಂಪ್ ಮಾಡ್ತಿದ್ದಾನೆ. ಪುಟ್ಟಿ ಜಂಪ್ ಮಾಡಿರಲಿಲ್ಲ ಅಲ್ವಾ ಅಪ್ಪಾ" ಅಂದ. ನಾನು ಒಂದು ವಾರ ಕೊಟ್ಟ ಭಾಷಣಕ್ಕಿಂತ ಅದು ಕೆಲಸ ಮಾಡಿತು.

ಇನ್ನೊಂದು ವಿಷಯ ದುಡ್ಡು. ಇದರಲ್ಲಿ ಮೈಫ್ಯಾಕ್ಷನ್ ಅಂತ ಒಂದು ವಿಭಾಗ ಇದೆ. ಕುಸ್ತಿಪಟುಗಳ ಕಾರ್ಡು ಕೂಡಿಸೋದು, ಥೇಟ್ ನಮ್ಮ ಟ್ರಂಪ್ ಕಾರ್ಡಿನ ಹಾಗೆ. ಆದರೆ ಪ್ಯಾಕ್ ಒಡೆಯೋ ತನಕ ಒಳಗೆ ಯಾರಿದ್ದಾರೆ ಅಂತ ಗೊತ್ತಾಗಲ್ಲ. ಪ್ಯಾಕಿಗೆ ಬೇಕಾದ ವಿಸಿ ಅನ್ನೋ ಗೇಮ್ ನಾಣ್ಯವನ್ನು ಅಸಲಿ ದುಡ್ಡು ಕೊಟ್ಟೂ ತಗೋಬಹುದು. ಗೇಮಿಗೆ ಒಂದು ಸಲ ದುಡ್ಡು ಕೊಟ್ಟ ಮೇಲೂ ಒಳಗೆ ಅಂಗಡಿ ತೆರೆದೇ ಇರುತ್ತೆ. ಹದಿಮೂರರ ಹುಡುಗನಿಗೆ "ಇನ್ನೊಂದೇ ಪ್ಯಾಕ್" ಅನ್ನೋದು ಕುರ್ಚಿ ಏಟಿಗಿಂತ ಅಪಾಯ ಅಂತ ನನ್ನ ಲೆಕ್ಕ. ಆನ್‌ಲೈನ್ ಆಟವೂ ಹಾಗೇ. ಎದುರಿಗೆ ಆಡುವ ಅಪರಿಚಿತ ಏನು ಮಾತಾಡ್ತಾನೆ ಅನ್ನೋದಕ್ಕೆ ಯಾವ ರೇಟಿಂಗೂ ಜವಾಬ್ದಾರಿ ತಗೊಳ್ಳಲ್ಲ.

ಕೊನೆಗೆ ಗೇಮ್ ತಂದೆ. ಷರತ್ತು ನಾಲ್ಕು. ಆಟ ಹಾಲಿನಲ್ಲೇ, ರೂಮಿನಲ್ಲಿ ಬಾಗಿಲು ಹಾಕಿಕೊಂಡಲ್ಲ. ರಕ್ತ ಆಫ್. ಪ್ಲೇಸ್ಟೇಷನ್ನಿನಲ್ಲಿ ಮಗನಿಗೆ ಮಕ್ಕಳ ಅಕೌಂಟು, ಖರ್ಚಿನ ಮಿತಿ ಸೊನ್ನೆ, ಅಪರಿಚಿತರ ಜೊತೆ ಚಾಟ್ ಬಂದ್. ತಂಗಿ ಮೇಲೆ ಒಂದೇ ಒಂದು ಪಟ್ಟು ಹಾಕಿದರೂ ಒಂದು ತಿಂಗಳು ಡಿಸ್ಕು ನನ್ನ ಆಫೀಸ್ ಬ್ಯಾಗಿನಲ್ಲಿ. ನನ್ನ ಹೆಂಡತಿ ಇನ್ನೂ ಪೂರ್ತಿ ಒಪ್ಪಿಲ್ಲ. ಅವಳ ಭಯ ಸುಳ್ಳು ಅಂತ ನಾನೂ ಹೇಳಲ್ಲ, ಆ ಮಂಚದ ಕಟ್ಟಿಗೆ ನನ್ನ ಕಣ್ಣಿಗೂ ಕಟ್ಟಿದೆ.

ನಿಮ್ಮ ಮನೆಗೆ ನನ್ನ ಸಲಹೆ ಇಷ್ಟು. ಡಬ್ಬಿ ಮೇಲಿನ ನಂಬರ್ ನೋಡಿ, ಆದರೆ ಅಲ್ಲಿಗೇ ನಿಲ್ಲಬೇಡಿ. ನಿಮ್ಮ ಮಗನೋ ಮಗಳೋ ನೋಡಿದ ಪಟ್ಟನ್ನು ಚಿಕ್ಕವರ ಮೇಲೆ ಹಾಕೋ ಸ್ವಭಾವದವರಾಗಿದ್ದು, ಹೇಳಿದರೂ ಕೇಳದಿದ್ದರೆ, ಯುರೋಪಿನವರ ಮಾತು ಕೇಳಿ ಹದಿನಾರರ ತನಕ ಕಾಯಿರಿ. ಬೀಳುವವನು ಹೇಗೆ ಪೆಟ್ಟಾಗದೆ ಬಿದ್ದ ಅಂತ ಅವರೇ ನಿಮಗೆ ವಿವರಿಸೋಕೆ ಶುರು ಮಾಡಿದ್ರೆ, ಕೊಡಿ. ಮೊದಲ ನಾಲ್ಕೈದು ಪಂದ್ಯ ಮಾತ್ರ ಪಕ್ಕದಲ್ಲಿ ಕೂತು ನೀವೂ ಆಡಿ. ನಾನಂತೂ ಒಂದೂ ಗೆದ್ದಿಲ್ಲ.

ನಿಮ್ಮ ಮನೆಯಲ್ಲಿ ಹೇಗೆ ತೀರ್ಮಾನ ಮಾಡಿದಿರಿ ಅಂತ ಬರೆದು ತಿಳಿಸಿ.