ಇಳಿಜಾರಿನ ಪಾಠ, ಹಿಮದ ಲೆಕ್ಕ

(ದಬ್ಬೇಘಟ್ಟದಲ್ಲಿ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ತೆಂಗಿನ ಸೀಮೆಯಲ್ಲಿ ನಿಂತು ಹಿಮದ ಮೇಲೆ ಜಾರುವ ಆಟದ ಕುರಿತು ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಗಣರಾಜ್ಯೋತ್ಸವ ಶುಕ್ರವಾರಕ್ಕೋ ಸೋಮವಾರಕ್ಕೋ ಬಂದ ವರ್ಷ, ಬೆಂಗಳೂರು ಸೇರಿರುವ ನಮ್ಮ ಸೀಮೆಯ ಯುವಕರು ಮನಾಲಿಗೋ ಗುಲ್ಮಾರ್ಗಕ್ಕೋ ಹೊರಡುವುದು ಈಗ ಅಪರೂಪವಲ್ಲ. ಮೂರು ದಿನ ರಜೆ, ಬಾಡಿಗೆಯ ಹಲಗೆ, ಮೊಬೈಲಿನ ತುಂಬ ಚಿತ್ರಗಳು.

ಹಿಮ ಬೀಳದ ನಾಡಿನವರಿಗೆ ಈ ವಿದ್ಯೆ ಒಲಿಯದೆಂದು ಭಾವಿಸಬೇಕಾಗಿಲ್ಲ. ಕೊಡಗಿನ ತೆಕ್ಕಡ ಭವಾನಿ ಕಾಫಿ ತೋಟಗಳ ನಾಡಿನಿಂದ ಹೊರಟು, ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟಗಳಲ್ಲಿ ಕರ್ನಾಟಕಕ್ಕೆ ಚಿನ್ನದ ಪದಕಗಳನ್ನು ತಂದರು. 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಕಂಚನ್ನೂ ಪಡೆದರು. ಅವರದು ಇಳಿಜಾರಿನ ಓಟವಲ್ಲ. ಹಿಮ್ಮಡಿ ಸಡಿಲವಾಗಿರುವ ಹಗುರ ಹಲಗೆಯ ಮೇಲೆ ಏರು, ತಗ್ಗು, ಸಮತಟ್ಟುಗಳನ್ನೆಲ್ಲ ಸ್ವಂತ ಬಲದಿಂದ ಕ್ರಮಿಸುವ ದೀರ್ಘ ಓಟ. ನಾಡಿನ ಗದ್ದೆಯ ಬದುವಿನಲ್ಲಿ ಓಡಿ ಬೆಳೆದ ಕಾಲಿಗೆ ಇದೇ ಹೆಚ್ಚು ಸರಿಹೊಂದೀತು.

ಸ್ಕೀ ಕಲಿಸುವವರು ಮೊದಲು ಜಾರುವುದನ್ನು ಕಲಿಸುವುದಿಲ್ಲ. ಬೀಳುವುದನ್ನೂ ಏಳುವುದನ್ನೂ ಕಲಿಸುತ್ತಾರೆ. ಬೀಳುವುದಾದರೆ ಪಕ್ಕಕ್ಕೆ, ಇಳಿಜಾರಿನ ಮೇಲ್ಭಾಗದ ಕಡೆಗೆ ಬೀಳಬೇಕು. ಏಳುವಾಗ ಎರಡೂ ಹಲಗೆಗಳು ಇಳಿಜಾರಿಗೆ ಅಡ್ಡಲಾಗಿರಬೇಕು. ತಗ್ಗಿನ ಕಡೆಗೆ ಮುಖ ಮಾಡಿದ ಹಲಗೆ, ಮನುಷ್ಯ ಎದ್ದು ನಿಲ್ಲುವ ಮೊದಲೇ ಓಡತೊಡಗುತ್ತದೆ. ಇಳಿಜಾರಿಗೆ ಅಡ್ಡಲಾಗಿ ಉಳಬೇಕು, ಅಡ್ಡಲಾಗಿ ಬದು ಹಾಕಬೇಕು ಎಂದು ಹೊಲದಲ್ಲಿ ಹೇಳುವ ಮಾತಿಗೂ ಇದಕ್ಕೂ ವ್ಯತ್ಯಾಸವಿಲ್ಲ. ನೀರಾಗಲಿ ಮನುಷ್ಯನಾಗಲಿ ನೇರವಾಗಿ ಇಳಿದರೆ ವೇಗ ಏರುತ್ತದೆ, ಅಡ್ಡ ಹಾಯ್ದರೆ ತಗ್ಗುತ್ತದೆ. ಬಳಿಕ ನಿಲ್ಲುವ ಪಾಠ. ಹಲಗೆಗಳ ಮುಂದಿನ ತುದಿಗಳನ್ನು ಹತ್ತಿರಕ್ಕೆ ತಂದು, ಹಿಂದಿನ ತುದಿಗಳನ್ನು ಅಗಲಿಸಿ, ಒಳ ಅಂಚುಗಳನ್ನು ಒತ್ತಿದರೆ ಹಿಮ ಬದಿಗೆ ಸರಿದು ವೇಗ ಇಳಿಯುತ್ತದೆ. ಈ ಭಂಗಿಗೆ ನೇಗಿಲಿನ ಹೆಸರೇ ಇದೆ. ಹೆದರಿದವನು ಸಹಜವಾಗಿ ಹಿಂದಕ್ಕೆ ವಾಲುತ್ತಾನೆ; ವಾಲಿದೊಡನೆ ಹಲಗೆಯ ಮುಂಭಾಗ ಹಗುರಾಗಿ ಹತೋಟಿ ತಪ್ಪುತ್ತದೆ. ಮೊಣಕಾಲನ್ನು ಮುಂದಕ್ಕೆ ಬಾಗಿಸಿ, ತಗ್ಗನ್ನೇ ನೋಡುತ್ತ ನಿಲ್ಲುವ ಧೈರ್ಯ ಬರಲು ದಿನಗಳು ಬೇಕು. ಮನಾಲಿಯ ಪರ್ವತಾರೋಹಣ ಸಂಸ್ಥೆಯ ಪ್ರಾರಂಭಿಕ ತರಬೇತಿಯೇ 14 ದಿನಗಳದ್ದು.

ಮೂರು ದಿನದ ರಜೆಯಲ್ಲಿ ಆಗುವುದೇ ಬೇರೆ. ಹಿಂದಿನ ವರ್ಷ ಸ್ವಲ್ಪ ಕಲಿತ ಗೆಳೆಯನೊಬ್ಬ ಉಳಿದವರಿಗೆ ಗುರುವಾಗುತ್ತಾನೆ. ಕಲಿಸುವ ಉತ್ಸಾಹ ಒಳ್ಳೆಯದೇ, ಆದರೆ ನಿಲ್ಲಲು ಬಾರದವರನ್ನು ಎತ್ತರಕ್ಕೆ ಕರೆದೊಯ್ಯಬಾರದು. ಗುಲ್ಮಾರ್ಗದ ಬಯಲು ಸುಮಾರು 2,650 ಮೀಟರ್ ಎತ್ತರದಲ್ಲಿದೆ. ತೂಗುಬಂಡಿಯ ಮೇಲಿನ ಹಂತ 3,900 ಮೀಟರ್ ದಾಟುತ್ತದೆ. ಅಲ್ಲಿ ಉಸಿರೂ ಸಾಲದು, ಹಿಮಪಾತದ ಅಪಾಯವೂ ಇದೆ.

ಇನ್ನು ಹಿಮದ ಲೆಕ್ಕ. 2024ರ ಜನವರಿ, ವಾಯವ್ಯ ಭಾರತದಲ್ಲಿ 1901ರಿಂದೀಚೆಗಿನ ಅತ್ಯಂತ ಒಣ ಜನವರಿಗಳಲ್ಲೊಂದು. ಗುಲ್ಮಾರ್ಗದಲ್ಲಿ ತಿಂಗಳ ಬಹುಭಾಗ ಒಣ ಹುಲ್ಲು ಕಾಣುತ್ತಿತ್ತು. 2025ರಲ್ಲಿ ಫೆಬ್ರುವರಿ 22ಕ್ಕೆ ಅಲ್ಲಿ ಆರಂಭವಾಗಬೇಕಿದ್ದ ಖೇಲೋ ಇಂಡಿಯಾ ಕೂಟ ಹಿಮವಿಲ್ಲದೆ ಮುಂದೆ ಹೋಗಿ ಮಾರ್ಚ್ 9ಕ್ಕೆ ಶುರುವಾಯಿತು. ಪ್ರವಾಸಿಗೆ ಇದು ಕೆಟ್ಟುಹೋದ ರಜೆಯಷ್ಟೆ. ಬೆಟ್ಟದ ರೈತನಿಗೆ ಹಿಮವೆಂದರೆ ಚಳಿಗಾಲದಲ್ಲಿ ತುಂಬಿ ಬೇಸಗೆಯಲ್ಲಿ ನಿಧಾನವಾಗಿ ತೂಬು ಬಿಡುವ ಕೆರೆ. ಡೆಲಿಷಿಯಸ್ ಜಾತಿಯ ಸೇಬಿನ ಮರ ಸರಿಯಾಗಿ ಹೂಬಿಡಬೇಕಾದರೆ 7 ಡಿಗ್ರಿಗಿಂತ ಕಡಿಮೆ ಉಷ್ಣಾಂಶದ ಸಾವಿರ ಗಂಟೆಗಳಾದರೂ ಬೇಕು. ಕೊಬ್ಬರಿಯ ದರವನ್ನೂ ಮುಗಿಲನ್ನೂ ಒಟ್ಟಿಗೆ ನೋಡುತ್ತ ಬದುಕುವವರಿಗೆ ಆ ಆತಂಕ ಅರ್ಥವಾಗದಿರದು.

ಹಿಮ ಬಾರದಿದ್ದರೆ ತಯಾರಿಸಬಹುದು ಎನ್ನುವವರಿದ್ದಾರೆ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್ ಬಹುಪಾಲು ಯಂತ್ರದ ಹಿಮದ ಮೇಲೆಯೇ ನಡೆಯಿತು. ಉತ್ತರಾಖಂಡದ ಔಲಿಯಲ್ಲೂ ಹಿಮ ಉಗುಳುವ ಯಂತ್ರಗಳನ್ನು ನಿಲ್ಲಿಸಿ, ಅವುಗಳಿಗಾಗಿ ಕೃತಕ ಕೆರೆ ಕಟ್ಟಲಾಯಿತು. ಆ ನೀರು ಯಾರ ಪಾಲಿನದು ಎಂಬ ಪ್ರಶ್ನೆಯನ್ನು ಹೇಮಾವತಿ ನಾಲೆಯ ಸರದಿಗಾಗಿ ಕಾದ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕುಲ್ಲು ಕಣಿವೆಯವರು ಈ ಪ್ರಶ್ನೆಯನ್ನು ದೇವರ ಮುಂದೆಯೇ ಇಟ್ಟರು. ಮನಾಲಿಯ ಬಳಿ ಸಾವಿರ ಕೋಟಿ ರೂಪಾಯಿಗೂ ಮೀರಿದ ‘ಹಿಮಾಲಯನ್ ಸ್ಕೀ ವಿಲೇಜ್’ ಎಂಬ ವಿಹಾರಧಾಮ ಕಟ್ಟಲು ಅಮೆರಿಕದ ಆಲ್ಫ್ರೆಡ್ ಫೋರ್ಡ್ ಮುಂದೆ ಬಂದಾಗ, 2006ರ ಫೆಬ್ರುವರಿಯಲ್ಲಿ ನಗ್ಗರ್ ಗ್ರಾಮದಲ್ಲಿ ‘ಜಗತಿ’ ಸೇರಿತು. ಕಣಿವೆಯ ಗ್ರಾಮದೇವತೆಗಳ ಮಹಾಸಭೆ ಅದು. ನಮ್ಮಲ್ಲಿ ದೇವರ ಮುಂದೆ ಅಪ್ಪಣೆ ಕೇಳುವಂತೆ, ಅಲ್ಲಿ ‘ಗೂರ್’ ಎಂಬ ಮಾಧ್ಯಮದವರ ಬಾಯಲ್ಲಿ ದೇವರು ನುಡಿಯುತ್ತಾರೆ. ಅಪ್ಪಣೆ ಸಿಗಲಿಲ್ಲ. ನೀರು, ಕಾಡು, ಮೇವಿನ ಹುಲ್ಲುಗಾವಲು ಕೈತಪ್ಪುವುದೆಂಬ ಭಯ ಆ ನುಡಿಯ ಹಿಂದಿತ್ತು. ಅಂದಿನ ಪತ್ರಿಕೆಗಳಲ್ಲಿ ಕೆಲವರು ಇದನ್ನು ಮೂಢನಂಬಿಕೆಯೆಂದು ನಕ್ಕರು. ಗ್ರಾಮಸಭೆಯ ಮಾತಿಗೆ ಕಿವಿಗೊಡದ ವ್ಯವಸ್ಥೆ ದೇವರ ಮಾತಿಗಾದರೂ ಕಿವಿಗೊಟ್ಟಿತಲ್ಲ ಎಂಬುದು ಹೆಚ್ಚು ಗಮನಾರ್ಹ. ಕಾನೂನಿನ ಹೋರಾಟವೂ ಜೊತೆಗೆ ನಡೆಯಿತು. ವಿಹಾರಧಾಮ ತಲೆಯೆತ್ತಲಿಲ್ಲ.

ಆ ಜನ ಸ್ಕೀಯಿಂಗನ್ನು ವಿರೋಧಿಸಿದವರಲ್ಲ. ಹಿಮ ಬಿದ್ದ ವರ್ಷ, ಅದೇ ಕಣಿವೆಯ ಸೋಲಂಗಿನ ಹುಲ್ಲುಗಾವಲಿನಲ್ಲಿ ಸ್ಥಳೀಯ ಯುವಕರು ಬೂಟು, ಹಲಗೆಗಳನ್ನು ಬಾಡಿಗೆಗೆ ಕೊಟ್ಟು, ಬಯಲುಸೀಮೆಯಿಂದ ಬಂದವರ ಕೈಹಿಡಿದು ಮೊದಲು ಬೀಳುವುದನ್ನು ಕಲಿಸುತ್ತಾರೆ.