ಅಪ್ಪನ ಸಾಲ, ಮಗನ ಹೆಗಲು

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತದೆ ನಮ್ಮ ಗಾದೆ. ಮಗ ಸಿಟ್ಟಿನಲ್ಲಿ ತಟ್ಟೆ ಎಸೆದರೆ ಮನೆಯವರಿಗೆ ಅಪ್ಪನ ಮುಂಗೋಪ ನೆನಪಾಗುತ್ತದೆ. ಮೊಮ್ಮಗ ಹೆಂಡದಂಗಡಿಯ ಮೆಟ್ಟಿಲು ಹತ್ತಿದರೆ ಓಣಿಯವರ ಬಾಯಲ್ಲಿ ಅಜ್ಜನ ಹೆಸರು ಬರುತ್ತದೆ. ಇದು ಬರೀ ಬಾಯಿಮಾತಲ್ಲ. ಅವಳಿಗಳನ್ನು ಹೋಲಿಸಿ ನೋಡಿದ ಅಧ್ಯಯನಗಳ ಪ್ರಕಾರ, ಕುಡಿತದ ಚಟಕ್ಕೆ ಬೀಳುವ ಅಪಾಯ ಒಬ್ಬರಿಗೆ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ ಇರುವುದರಲ್ಲಿ ಸುಮಾರು ಅರ್ಧ ಪಾಲು ವಂಶವಾಹಿಗಳದು. ಉಳಿದ ಅರ್ಧದಲ್ಲಿ ಬೆಳೆದ ಮನೆ, ಕೂಡಿದ ಗೆಳೆಯರು, ಪಟ್ಟ ಕಷ್ಟಗಳೆಲ್ಲ ಸೇರುತ್ತವೆ. ಬೇಕೆಂದು ಕೇಳದೆ ಬಂದ ಈ ಹೊರೆಯನ್ನು ಹೊತ್ತುಕೊಂಡೇ ಸಾಯಬೇಕೇ, ಅಥವಾ ಇಳಿಸಲು ದಾರಿಯುಂಟೇ ಎಂಬುದು ಇಂದಿನ ಪ್ರಶ್ನೆ.

ಈ ಪ್ರಶ್ನೆ ಕೇಳಲು ಬೀದರ್ ಸೀಮೆಯ ಬಸವಕಲ್ಯಾಣ ತಕ್ಕ ನೆಲ. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇದೇ ಕಲ್ಯಾಣದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ನಿಯಮ ದೇಶದ ಬಹುಭಾಗದಲ್ಲಿ ನೆಲೆಗೊಂಡದ್ದು ಈ ಗ್ರಂಥದ ಬಲದಿಂದ. ಆದರೆ ಆಸ್ತಿಯ ಜೊತೆ ಸಾಲವೂ ಬರುತ್ತಿತ್ತು. ಅಪ್ಪನ ಸಾಲವನ್ನು ಮಗ, ಮೊಮ್ಮಗ ತೀರಿಸಬೇಕಿತ್ತು. ಅದಕ್ಕೂ ಒಂದು ವಿನಾಯಿತಿ ಇತ್ತು: ಅಪ್ಪ ಕುಡಿತಕ್ಕೆ, ಜೂಜಿಗೆ, ಕಾಮಕ್ಕೆ ಮಾಡಿದ ಸಾಲ ಮಗನ ತಲೆಗೆ ಬರುವಂತಿರಲಿಲ್ಲ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ ತಿದ್ದುಪಡಿ ಇನ್ನೂ ಮುಂದೆ ಹೋಗಿ, ಅಲ್ಲಿಂದಾಚೆಗೆ ಮಾಡಿದ ಯಾವ ಸಾಲಕ್ಕೂ ಪಿತೃಋಣವೆಂಬ ಒಂದೇ ಕಾರಣದಿಂದ ಮಕ್ಕಳ ಮೇಲೆ ಕೋರ್ಟಿಗೆ ಹೋಗುವಂತಿಲ್ಲ ಎಂದಿತು. ಇದು ದೊಡ್ಡ ನ್ಯಾಯವೇ ಸರಿ. ಆದರೂ ಕಾನೂನಿನ ಕೈ ಒಂದು ಹಂತಕ್ಕೆ ನಿಲ್ಲುತ್ತದೆ. ಅಪ್ಪ ಹೆಂಡಕ್ಕೆ ಮಾಡಿದ ಸಾಲದಿಂದ ಅದು ಮಗನನ್ನು ಬಿಡಿಸೀತು. ಅಪ್ಪನಿಂದ ಬಂದ ಹೆಂಡದ ಸೆಳೆತದಿಂದ ಬಿಡಿಸಲಾರದು.

ಕ್ರೈಸ್ತ ವಿಶ್ವಾಸ ಮಾತಾಡುವುದು ಈ ಎರಡನೆಯ ಸಾಲದ ಬಗ್ಗೆ. ಬೈಬಲ್ ತನ್ನ ಹಿರಿಯರ ದೋಷವನ್ನು ಮುಚ್ಚಿಡುವುದಿಲ್ಲ. ಆದಿಕಾಂಡದಲ್ಲಿ ಅಬ್ರಹಾಮ ಜೀವಭಯದಿಂದ ಹೆಂಡತಿಯನ್ನು ತಂಗಿಯೆಂದು ಎರಡು ಸಲ ಹೇಳುತ್ತಾನೆ. ಮಗ ಇಸಾಕನ ಬಾಯಲ್ಲೂ ಅದೇ ಸುಳ್ಳು. ಮೊಮ್ಮಗ ಯಾಕೋಬ ಕೈಗೆ ಆಡಿನ ಮರಿಯ ಚರ್ಮ ಸುತ್ತಿಕೊಂಡು ಕಣ್ಣು ಮಂಜಾದ ಅಪ್ಪನನ್ನು ಮೋಸಗೊಳಿಸುತ್ತಾನೆ. ಮುಂದೆ ಅವನ ಮಕ್ಕಳೇ ತಮ್ಮ ಯೋಸೇಫನನ್ನು ಮಾರಿ, ಅವನ ಅಂಗಿಯನ್ನು ಆಡಿನ ರಕ್ತದಲ್ಲಿ ಅದ್ದಿ ತಂದು ಅಪ್ಪನ ಮುಂದೆ ಹಿಡಿಯುತ್ತಾರೆ. ನಾಲ್ಕು ತಲೆಮಾರಿಗೆ ಇಳಿದು ಬಂದ ಈ ಕಪಟ, ಮಾರಿಹೋದ ಯೋಸೇಫ ಅಧಿಕಾರಿಯಾಗಿದ್ದ ಐಗುಪ್ತದಲ್ಲಿ ಮುರಿಯುತ್ತದೆ. ತಮ್ಮನನ್ನು ಮಾರೋಣವೆಂದಿದ್ದ ಯೆಹೂದನೇ ಕಿರಿಯ ಬೆನ್ಯಾಮೀನನ ಬದಲು ತಾನು ಗುಲಾಮನಾಗಲು ಮುಂದೆ ಬರುತ್ತಾನೆ. ಅಧಿಕಾರವಿದ್ದೂ ಸೇಡು ತೀರಿಸದ ಯೋಸೇಫ ಅಣ್ಣಂದಿರನ್ನು ಅಪ್ಪಿಕೊಂಡು ಅಳುತ್ತಾನೆ, ಅವರ ಮಕ್ಕಳನ್ನೂ ತಾನೇ ಸಾಕುವೆನೆಂದು ಮಾತು ಕೊಡುತ್ತಾನೆ. ಸೇಡು ತೀರಿದ್ದರೆ ದ್ವೇಷ ಐದನೆಯ ತಲೆಮಾರಿಗೆ ಹೋಗುತ್ತಿತ್ತು. ಕ್ಷಮೆ ಸಿಕ್ಕಿದ್ದರಿಂದ ಮಕ್ಕಳ ಪಾಲಿಗೆ ಅನ್ನ ಬಂತು.

ಇದಕ್ಕೆ ಎದುರಾಗಿ, ಹಿರಿಯರ ದೋಷವನ್ನು ಮೂರು ನಾಲ್ಕು ತಲೆಮಾರಿನವರೆಗೆ ದೇವರು ವಿಚಾರಿಸುತ್ತಾನೆಂದು ಹತ್ತು ಆಜ್ಞೆಗಳಲ್ಲೇ ಇದೆಯಲ್ಲ ಎಂದು ಕೇಳಬಹುದು. ಇದೆ ನಿಜ. ಆದರೆ ಪಾಪದ ಪರಿಣಾಮ ಬೇರೆ, ಪಾಪದ ಹೊಣೆ ಬೇರೆ. ಅಪ್ಪ ಹುಳಿ ದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿತುಹೋಗುತ್ತದೆಂಬ ಗಾದೆ ಇಸ್ರಾಯೇಲರಲ್ಲಿತ್ತು. ಇನ್ನು ಆ ಗಾದೆ ಸಲ್ಲದು, ಅವರವರ ತಪ್ಪಿಗೆ ಅವರವರೇ ಹೊಣೆ ಎಂದು ಪ್ರವಾದಿ ಯೆಹೆಜ್ಕೇಲ ಸಾರಿದ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಯಾರ ಪಾಪದ ಫಲ, ಇವನದೋ ತಂದೆತಾಯಿಗಳದೋ ಎಂದಾಗ ಯೇಸು ಎರಡನ್ನೂ ಅಲ್ಲಗಳೆದ. ಆತ ಹೇಳಿದ ಒಂದು ಸಾಮ್ಯದಲ್ಲಿ, ಹತ್ತು ಸಾವಿರ ತಲಾಂತಿನ ಭಾರೀ ಸಾಲ ತೀರಿಸಲಾಗದ ಸೇವಕನನ್ನು ಹೆಂಡತಿ ಮಕ್ಕಳ ಸಮೇತ ಮಾರಲು ಅಪ್ಪಣೆಯಾಗುತ್ತದೆ. ಒಡೆಯ ಕನಿಕರಪಟ್ಟು ಸಾಲ ಬಿಟ್ಟುಬಿಡುತ್ತಾನೆ. ಆ ದಿನ ಬಿಡುಗಡೆಯಾದದ್ದು ಸಾಲಗಾರ ಒಬ್ಬನೇ ಅಲ್ಲ, ಅವನ ಮಕ್ಕಳೂ. ಬಿಟ್ಟುಕೊಟ್ಟ ಸಾಲವೆಂದರೆ ಮಾಯವಾದ ಸಾಲವಲ್ಲ. ನಷ್ಟ ಒಡೆಯನ ಮೇಲೆ ಬಿತ್ತು. ಆ ನಷ್ಟವನ್ನು ದೇವರು ಸ್ವತಃ ಹೊತ್ತ ಜಾಗವನ್ನೇ ಕ್ರೈಸ್ತರು ಶಿಲುಬೆ ಎನ್ನುತ್ತಾರೆ. ಹಿರಿಯರಿಂದ ಬಳುವಳಿಯಾಗಿ ಬಂದ ವ್ಯರ್ಥ ನಡತೆಯಿಂದ ನಿಮಗೆ ಬಿಡುಗಡೆಯಾಗಿದೆ ಎಂದು ಪೇತ್ರನ ಮೊದಲ ಪತ್ರ ಹೇಳುವುದು ಇದೇ ಅರ್ಥದಲ್ಲಿ.

ಹಾಗಾದರೆ ಕ್ಷಮೆ ಪಾಪಕ್ಕೆ ಪರವಾನಗಿಯಾಗದೇ? ಈ ಆಕ್ಷೇಪಕ್ಕೆ ಎರಡು ಸಾವಿರ ವರ್ಷ ವಯಸ್ಸಾಗಿದೆ. ರೋಮಿನ ಸಭೆಗೆ ಬರೆದ ಪತ್ರದಲ್ಲಿ ಪೌಲನೇ ಅದನ್ನು ಎತ್ತಿ ಖಂಡಿತ ಕೂಡದು ಎನ್ನುತ್ತಾನೆ. ಸುಂಕದವರ ಮುಖ್ಯಸ್ಥ ಜಕ್ಕಾಯನನ್ನು ನೋಡಿ. ಯೇಸು ಅವನನ್ನು ಬೈಯದೆ ಅವನ ಮನೆಗೆ ಅತಿಥಿಯಾಗಿ ಹೋದ; ಮೋಸದಿಂದ ಕಿತ್ತದ್ದನ್ನು ನಾಲ್ಕರಷ್ಟು ಹಿಂದಿರುಗಿಸುವೆನೆಂದು ಜಕ್ಕಾಯ ತಾನಾಗಿ ಎದ್ದು ನಿಂತ. ನಾಚಿಕೆ ಮನುಷ್ಯನನ್ನು ಅಡಗಿಸುತ್ತದೆ, ಅಡಗಿದವನು ತಿದ್ದಿಕೊಳ್ಳುವುದಿಲ್ಲ. ಕ್ಷಮೆ ಸಿಕ್ಕವನಿಗೆ ತನ್ನ ದೌರ್ಬಲ್ಯಕ್ಕೆ ಹೆಸರಿಡುವ ಧೈರ್ಯ ಬರುತ್ತದೆ. ಕ್ಷಮೆಯಿಂದ ರಕ್ತದ ಸೆಳೆತ ಒಂದೇ ರಾತ್ರಿಗೆ ಅಳಿಯಬೇಕೆಂದೇನಿಲ್ಲ. ಚಟವಿದ್ದವರಿಗೆ ವೈದ್ಯರೂ ಬೇಕು, ಮನೆಯವರ ತಾಳ್ಮೆಯೂ ಬೇಕು. ಆದರೆ ತಾನು ಕೆಟ್ಟ ವಂಶದವನು, ತನ್ನಿಂದ ಆಗದು ಎಂದು ಕೈಚೆಲ್ಲಿದವನು ಆಸ್ಪತ್ರೆಯ ಬಾಗಿಲವರೆಗೂ ಹೋಗುವುದಿಲ್ಲ. ಆ ಹತಾಶೆಯನ್ನು ಮೊದಲು ಮುರಿಯುವುದೇ ಕ್ಷಮೆಯ ಕೆಲಸ.

ಇಲ್ಲಿ ಒಂದು ಎಚ್ಚರವೂ ಬೇಕು. ಹುಟ್ಟಿನಿಂದ ಬಂದದ್ದೆಲ್ಲ ದೋಷವಲ್ಲ. ನಿಜಾಮರ ಆಳ್ವಿಕೆಯಲ್ಲಿ ಬೀದರ್ ಸೀಮೆಗೆ ಬಂದ ಅಮೆರಿಕದ ಮೆಥೋಡಿಸ್ಟ್ ಮಿಷನ್ನಿನ ಸಭೆಗಳನ್ನು ಸೇರಿದವರಲ್ಲಿ ಬಹುಪಾಲು ಜನ ಊರು ಹೊರಗಿಟ್ಟ ಕೇರಿಗಳವರು. ಅವರ ಹಣೆಗೆ ಹಚ್ಚಿದ ಕಳಂಕ ಅವರ ಪಾಪವಾಗಿರಲಿಲ್ಲ, ಹಚ್ಚಿದವರ ಪಾಪ. ಅದಕ್ಕೆ ಕ್ಷಮೆ ಬೇಡಬೇಕಾದವರು ಹೊರಗಿಟ್ಟವರೇ. ಶರಣರಾದ ಹರಳಯ್ಯ ಮಧುವರಸರು ಜಾತಿ ಮೀರಿ ಬೆಳೆಸಿದ ಬೀಗತನಕ್ಕಾಗಿ ನೆತ್ತರು ಹರಿದ ಕಥೆ ನೆನೆವ ಕಲ್ಯಾಣದ ನೆಲಕ್ಕೆ ಈ ಭೇದ ತಿಳಿಸಿ ಹೇಳಬೇಕಿಲ್ಲ. ಮನುಷ್ಯನನ್ನು ಹುಟ್ಟಿನಿಂದ ಅಳೆಯಬಾರದು ಎಂದ ಮೇಲೆ, ಅವನ ನಾಳೆಯನ್ನು ಅಪ್ಪನ ನಿನ್ನೆಯಿಂದಲೂ ಅಳೆಯಬಾರದು.

ಆದ್ದರಿಂದ ಹುಮನಾಬಾದಿನ, ಬಸವಕಲ್ಯಾಣದ, ಎಲ್ಲ ಊರುಗಳ ತಂದೆತಾಯಿಗಳಲ್ಲಿ ಒಂದು ಬಿನ್ನಹ. ನೀನೂ ನಿಮ್ಮಪ್ಪನ ಹಾಗೇ ಎಂಬ ಮಾತನ್ನು ಮಕ್ಕಳ ತಲೆಗೆ ಹೊರಿಸಬೇಡಿ. ಅದು ಅವರು ಮಾಡದ ಸಾಲದ ಪತ್ರ. ನಿಮ್ಮಲ್ಲೇ ಅಂಥ ದೌರ್ಬಲ್ಯವಿದ್ದರೆ ಅದನ್ನು ಇಂದು ದೇವರ ಮುಂದೆ ಬಾಯಿಬಿಟ್ಟು ಹೇಳಿ, ಕ್ಷಮೆ ಕೇಳಿ, ನೋವು ತಿಂದವರ ಬಳಿಗೂ ಹೋಗಿ. ನಿಮ್ಮ ಹೆಗಲಿನಿಂದ ಇಳಿದ ಹೊರೆ ನಿಮ್ಮ ಮಕ್ಕಳ ಹೆಗಲಿಗೆ ಏರುವುದಿಲ್ಲ.