ಬೆಲ್ಲದ ಬಣ್ಣವೂ ಆಲೆಮನೆಯ ಆದಾಯವೂ



ಮಂಡ್ಯ, ಮದ್ದೂರು, ಮಳವಳ್ಳಿಯ ಆಲೆಮನೆಗಳಲ್ಲಿ ಕೇಳಿಬರುವುದು ಒಂದೇ ಮಾತು: "ಹೈಡ್ರೋಸ್ ಹಾಕದಿದ್ದರೆ ಬೆಲ್ಲ ಕಪ್ಪು, ಮಂಡಿಯಲ್ಲಿ ಬೆಲೆಯಿಲ್ಲ." ಮಾತು ಸುಳ್ಳಲ್ಲ. ಆದರೆ ಆ ಹೊಂಬಣ್ಣ ದಾಸ್ತಾನಿನಲ್ಲಿ ಉಳಿಯುವುದಿಲ್ಲ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಕಿಲೋಗೆ 70 ಮಿಲಿಗ್ರಾಂ ಮೀರುವುದನ್ನು ಕಾನೂನೂ ಒಪ್ಪುವುದಿಲ್ಲ.

ಮಂಡಿ ಬಣ್ಣಕ್ಕೆ ಬೆಲೆ ಕಟ್ಟುವುದಾದರೆ, ಸ್ವಲ್ಪ ಭಾಗವನ್ನಾದರೂ ಮಂಡಿಯಿಂದ ಹೊರಗೆ ಮಾರಬೇಕು. ಮದ್ದೂರಿನ ವಡೆಗೆ ಹೆಸರು ತಂದವರು ರೈಲು ಪ್ರಯಾಣಿಕರಲ್ಲವೇ? ಜೋನಿಬೆಲ್ಲವನ್ನೇ ನೋಡಿ. ಬೆಂಡೆಗಿಡದ ಲೋಳೆಯಿಂದ ಹಾಲಿನ ಕಲ್ಮಶ ತೆಗೆಯಿರಿ. ಅಚ್ಚುಬೆಲ್ಲದ ಪಾಕ ಸುಮಾರು 118 ಡಿಗ್ರಿ ಸೆಲ್ಸಿಯಸ್ಸಿಗೆ ಬರಬೇಕು. ಜೋನಿಗೆ 105-106 ಡಿಗ್ರಿಯಲ್ಲೇ ಕೊಪ್ಪರಿಗೆ ಇಳಿಸಬೇಕು. ಇಲ್ಲಿ ಕಣ್ಣಳತೆ ಸಾಲದು, ಉಷ್ಣಮಾಪಕ ಬೇಕು. ಹರಳುಗಟ್ಟದಂತೆ ಕಿಲೋಗೆ 400 ಮಿಲಿಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ, ಎಂಟು-ಹತ್ತು ದಿನ ತಿಳಿಯಾಗಲು ಬಿಟ್ಟು ಸೀಸೆಗೆ ತುಂಬಿ.

2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಮಂಡ್ಯ ಜಿಲ್ಲೆಗೆ ಆರಿಸಿದ್ದು ಬೆಲ್ಲವನ್ನೇ. ಸಹಾಯಧನ ಶೇಕಡಾ 35, ಮಿತಿ 10 ಲಕ್ಷ ರೂಪಾಯಿ ಎಂದು ಅದರಲ್ಲಿ ಗೊತ್ತುಮಾಡಲಾಗಿತ್ತು. ಸಹಾಯಧನವಿದೆಯೆಂದು ಮೊದಲೇ ಯಂತ್ರ ಕೊಳ್ಳಬೇಡಿ. ಉಳಿದ ಸಾಲ ತೀರಿಸುವವರು ನೀವೇ. ಐವತ್ತು ಸೀಸೆ ತುಂಬಿ ಮಾರಿ ನೋಡಿ. ಕಂದು ಬಣ್ಣ ಕಂಡೂ ಎರಡನೆಯ ಸಲ ಕೇಳಿ ಬರುವವರು ಸಿಕ್ಕ ಮೇಲೆ ಬ್ಯಾಂಕಿನ ಮೆಟ್ಟಿಲು ಹತ್ತಿ.